ನಡೆದರೆ ಗೋವಾ, ದಾಟಿದರೆ ಕಾರವಾರ

ಮದ್ಯಪಾನದ ಬಗ್ಗೆ ಜುಮಾ ಖುತ್ಬಾ ನಡೆದ ದಿನ ಮಸೀದಿಯಿಂದ ಹೊರಬರುವ ನಮ್ಮಲ್ಲಿ ಹೆಚ್ಚಿನವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಬಡ್ಡಿಯ ಬಗ್ಗೆ, ವರದಕ್ಷಿಣೆಯ ಬಗ್ಗೆ, ಆಸ್ತಿಯಲ್ಲಿ ಸಹೋದರಿಯರ ಪಾಲಿನ ಬಗ್ಗೆ ಖತೀಬರು ಮಾತನಾಡಿದ ದಿನ ಆ ನೆಮ್ಮದಿ ಕಾಣುವುದಿಲ್ಲ. ಮದ್ಯ ಹರಾಮ್ ಎಂಬುದು ಮದ್ರಸಕ್ಕೆ ಹೋಗುವ ಮಗುವಿಗೂ ಗೊತ್ತು. ಗೊತ್ತಿರುವುದರಿಂದಲೇ ಅದು ನಮ್ಮ ಮನೆಯ ವಿಷಯವಲ್ಲ, ಬೇರೆಯವರದು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಆದರೆ ಕಾರವಾರ–ಅಂಕೋಲಾ ಕರಾವಳಿಯಲ್ಲಿ ಮದ್ಯ ಹೇಗೆ ಬಂತು, ಯಾರು ಮಾರಿದರು, ಯಾರು ತಡೆದರು ಎಂದು ಸ್ವಲ್ಪ ಕೆದಕಿ ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ.

ಕಾಳಿ ನದಿ ಸಮುದ್ರ ಸೇರುವಲ್ಲಿ ಉತ್ತರ ದಡಕ್ಕೆ ಚಾಚಿಕೊಂಡಿರುವ ಮರಳಿನ ನಾಲಿಗೆಯೇ ದೇವಬಾಗ. ಗಾಳಿಮರಗಳು, ತೆಂಗು, ಮೀನುಗಾರರ ಮನೆಗಳು, ಈಚೆಗೆ ಪ್ರವಾಸಿಗರ ರೆಸಾರ್ಟು. ಪಕ್ಕದಲ್ಲಿ ಸದಾಶಿವಗಡದ ಗುಡ್ಡ. ದಕ್ಷಿಣಕ್ಕೆ ನದಿಯ ಆಚೆ ಕಾರವಾರ ಪೇಟೆ. ಉತ್ತರಕ್ಕೆ ಮಾಜಾಳಿ, ಅದನ್ನು ದಾಟಿದರೆ ಗೋವಾ. 1980ರ ದಶಕದಲ್ಲಿ ಕಾಳಿಗೆ ಸೇತುವೆ ಆಗುವವರೆಗೆ ಇಲ್ಲಿಯವರು ಜಿಲ್ಲಾ ಕಚೇರಿಗೆ, ನ್ಯಾಯಾಲಯಕ್ಕೆ, ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ದೋಣಿಯನ್ನೋ ಫೆರ್ರಿಯನ್ನೋ ಕಾಯಬೇಕಿತ್ತು. ಗೋವಾಕ್ಕೆ ಹೋಗಲು ಕಾಲುಗಳಿದ್ದರೆ ಸಾಕಿತ್ತು. ಸರಕಾರ ನೀರಿನ ಆಚೆ, ಹೆಂಡದಂಗಡಿ ನೆಲದ ಮೇಲೆ. ಈ ಭೂಗೋಳವನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಕಥೆ ಶುರುವಾಗುವುದು ತೆಂಗಿನ ಮರದಿಂದ. ಹೊಂಬಾಳೆಯ ತುದಿ ಕೊಯ್ದು ಮಡಕೆ ಕಟ್ಟಿದರೆ ಹನಿಹನಿಯಾಗಿ ಸಿಹಿರಸ ಇಳಿಯುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲ. ಸುಣ್ಣ ಇಲ್ಲದಿದ್ದರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಬೆಳಿಗ್ಗೆ ಸಿಹಿಯಾಗಿದ್ದದ್ದು ಮಧ್ಯಾಹ್ನಕ್ಕೆ ಹುಳಿ ಕಳ್ಳು. ಅದರಲ್ಲಿ ಶೇಕಡಾ 4ರಿಂದ 6ರಷ್ಟು ಮದ್ಯಸಾರ. ಅದನ್ನೇ ಭಟ್ಟಿಗೆ ಹಾಕಿ ಇಳಿಸಿದರೆ ಸಾರಾಯಿ. ಗೋವಾದಲ್ಲಿ ತೆಂಗಿನ ಫೆನಿ. ಪೋರ್ಚುಗೀಸರು ಬ್ರೆಜಿಲಿನಿಂದ ಗೇರುಗಿಡ ತಂದ ಮೇಲೆ ಗೇರುಹಣ್ಣಿನ ಫೆನಿಯೂ ಸೇರಿಕೊಂಡಿತು. ಫೆನಿಯಲ್ಲಿ ಮದ್ಯಸಾರ ಶೇಕಡಾ 40ನ್ನು ಮೀರುತ್ತದೆ.

ಇದೇ ರಸದ ಇನ್ನೊಂದು ದಾರಿಯನ್ನು 14ನೇ ಶತಮಾನದಲ್ಲಿ ಇಬ್ನ್ ಬತೂತಾ ಬರೆದಿಟ್ಟಿದ್ದಾರೆ. ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಎಣಿಸಿದ ಅದೇ ಪ್ರವಾಸಿ. ಅರಬ್ಬೀ ಕರಾವಳಿಯ ಧೋಫಾರ್‌ನಲ್ಲಿ ತೆಂಗಿನ ಮರ ಹತ್ತುವವರು ಬೆಳಿಗ್ಗೆ ಸಂಜೆ ರಸ ಇಳಿಸಿ, ಅದನ್ನು ಕುದಿಸಿ ಜೇನಿನಂತೆ ಗಟ್ಟಿ ಮಾಡುತ್ತಿದ್ದರೆಂದೂ, ಭಾರತ, ಯೆಮನ್, ಚೀನಾದ ವರ್ತಕರು ಅದನ್ನು ಕೊಳ್ಳುತ್ತಿದ್ದರೆಂದೂ ಅವರು ವಿವರಿಸುತ್ತಾರೆ. ಮರವೂ ಅದೇ, ಮಡಕೆಯೂ ಅದೇ. ಖರ್ಜೂರ ಮತ್ತು ದ್ರಾಕ್ಷಿಯಿಂದ ಜನರು ನಶೆಯ ಪಾನೀಯವನ್ನೂ ಉತ್ತಮ ಆಹಾರವನ್ನೂ ಪಡೆಯುತ್ತಾರೆಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 67ನೇ ಸೂಕ್ತ ಎರಡನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಅದು ಮಕ್ಕಾದ ಸೂಕ್ತ. ಮದ್ಯ ಇನ್ನೂ ನಿಷೇಧವಾಗಿರಲಿಲ್ಲ. ನಶೆಯನ್ನು ‘ಉತ್ತಮ’ದ ಸಾಲಿನಿಂದ ಹೊರಗಿಟ್ಟದ್ದೇ ಮೊದಲ ಸೂಚನೆ ಎಂದು ವಿದ್ವಾಂಸರು ಹೇಳಿದ್ದಾರೆ.

ಪದಗಳ ಬಗ್ಗೆಯೂ ಒಂದು ಮಾತು. ‘ಆಲ್ಕೋಹಾಲ್’ ಎಂಬುದು ಅರಬಿಯ ‘ಅಲ್ ಕುಹ್ಲ್’ನಿಂದ ಬಂದದ್ದು; ಮೂಲದಲ್ಲಿ ಅದು ಕಣ್ಣಿಗೆ ಹಚ್ಚುವ ಸುರ್ಮಾದ ನುಣುಪು ಪುಡಿ. ‘ಅರಕ್’ ಎಂದರೆ ಬೆವರು. ಭಟ್ಟಿಯ ಕೊಳವೆಯಲ್ಲಿ ಆವಿ ತಣಿದು ಬೆವರ ಹನಿಗಳಂತೆ ಇಳಿಯುವುದರಿಂದ ಆ ಹೆಸರು. ನಾವು ಇಫ್ತಾರಿಗೆ ಕುಡಿಯುವ ಶರಬತ್ತೂ, ಕುಡುಕನ ಶರಾಬೂ ಒಂದೇ ಧಾತುವಿನ ಮಕ್ಕಳು. ಆದರೆ ಕುರ್‌ಆನ್ ಬಳಸಿದ ‘ಖಮ್ರ್’ ಎಂಬ ಪದದ ಧಾತುವಿಗೆ ಮುಚ್ಚುವುದು ಎಂದರ್ಥ. ಬುದ್ಧಿಯನ್ನು ಮುಚ್ಚುವುದೆಲ್ಲ ಖಮ್ರ್ ಎಂದು ಹ. ಉಮರ್(ರ) ಮಿಂಬರಿನಿಂದ ವಿವರಿಸಿದ್ದರು. ಇಂದಿನ ವೈದ್ಯಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಮದ್ಯಸಾರ ಹುರುಪು ತರುವ ವಸ್ತುವಲ್ಲ, ಮಿದುಳನ್ನು ಮಂಕು ಮಾಡುವ ಮಾದಕ ವಸ್ತು. ಅದು ಮೊದಲು ಮಂಕು ಮಾಡುವುದು ನಮ್ಮನ್ನು ತಡೆದು ನಿಲ್ಲಿಸುವ ವಿವೇಚನೆಯನ್ನು. ಆದ್ದರಿಂದ ಕುಡಿದವನಿಗೆ ತನಗೆ ಧೈರ್ಯ ಬಂದಂತೆ ತೋರುತ್ತದೆ.

ಈ ಕರಾವಳಿ 1763ರ ಸುಮಾರಿಗೆ ಹೈದರ್ ಅಲಿಯವರ ಕೈಸೇರಿತು. ಅವರ ಮಗ ಟಿಪ್ಪು ಸುಲ್ತಾನರು ತಮ್ಮ ರಾಜ್ಯದಲ್ಲಿ ಕಳ್ಳು ಸಾರಾಯಿಯನ್ನು ನಿಷೇಧಿಸಿದರು. ಬೊಕ್ಕಸಕ್ಕೆ ನಷ್ಟವೆಂದು ಗೊತ್ತಿದ್ದೂ ನಿಷೇಧಿಸಿದರು. 1799ರಲ್ಲಿ ಅವರು ಹುತಾತ್ಮರಾದ ಬಳಿಕ ಕೆನರಾ ಕಂಪನಿಗೆ ಹೋಯಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆದ. ಅಲ್ಲಿಂದ ಮುಂದೆ ಮದ್ಯ ಎಂಬುದು ‘ಅಬಕಾರಿ’. ಪಾರ್ಸಿಯ ಈ ಪದದ ಅಕ್ಷರಾರ್ಥ ‘ನೀರಿನ ಕೆಲಸ’. ಸರಕಾರಕ್ಕೆ ಮಾತ್ರ ಅದು ಹಣದ ಕೆಲಸವಾಗಿತ್ತು. ಇಳಿಸುವ, ಮಾರುವ ಹಕ್ಕನ್ನು ಹರಾಜು ಹಾಕುವುದು. ಹರಾಜು ಹಿಡಿದ ಗುತ್ತಿಗೆದಾರ ತಾನು ಕೊಟ್ಟ ಹಣವನ್ನು ಜನರಿಂದ ಎತ್ತಿಕೊಳ್ಳುವುದು. ಆ ಹಣ ಗಿಟ್ಟಬೇಕಾದರೆ ಹೆಚ್ಚು ಜನ ಹೆಚ್ಚು ಕುಡಿಯಬೇಕು, ಬೇರೆ ಲೆಕ್ಕವೇ ಇಲ್ಲ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ವರ್ಗವಾಯಿತು. 1878ರ ಮುಂಬೈ ಅಬಕಾರಿ ಕಾಯಿದೆ ಬಂದ ಮೇಲೆ ಮರದಿಂದ ಶೇಂದಿ ಇಳಿಸಲು ಪರವಾನಗಿ ಬೇಕಾಯಿತು, ಮರದ ಲೆಕ್ಕದಲ್ಲಿ ತೆರಿಗೆ ಬಿತ್ತು. ಭಂಡಾರಿಗಳು, ಇಂದು ನಾಮಧಾರಿ ಎಂದು ಕರೆದುಕೊಳ್ಳುವ ಹಳೆಪೈಕರು ತಲೆಮಾರುಗಳಿಂದ ಮಾಡುತ್ತ ಬಂದ ಕಸುಬು ಕಚೇರಿಯ ಕಾಗದಕ್ಕೆ ಸಿಕ್ಕಿಹಾಕಿಕೊಂಡಿತು. ಕಳ್ಳು ಒಂದು ದಿನಕ್ಕಿಂತ ಹೆಚ್ಚು ಇಡಲಾಗದ ವಸ್ತು, ಸಾವಿರ ಮರಗಳಲ್ಲಿ ಹರಡಿಕೊಂಡದ್ದು. ತೆರಿಗೆ ಎತ್ತುವವನಿಗೆ ತಲೆನೋವು. ಡಿಸ್ಟಿಲರಿಯ ಸಾರಾಯಿ ಹಾಗಲ್ಲ. ಒಂದೇ ಕಡೆ ತಯಾರಾಗುತ್ತದೆ, ಪೀಪಾಯಿಯಲ್ಲಿ ತುಂಬಿ ಅಳೆಯಬಹುದು, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಹೀಗೆ ಸರಕಾರದ ಅನುಕೂಲಕ್ಕಾಗಿ ಹಗುರವಾದದ್ದು ದುಬಾರಿಯಾಗಿ, ತೀಕ್ಷ್ಣವಾದದ್ದು ಎಲ್ಲೆಡೆ ಸಿಗುವಂತಾಯಿತು. ಹಗುರವಾದದ್ದು ಹಲಾಲ್ ಎಂದು ನಾನು ಹೇಳುತ್ತಿಲ್ಲ. ಕುಡಿತ ಬಡವರ ಸ್ವಭಾವ ಎಂದು ಮೂಗು ಮುರಿಯುವವರು, ಅವರ ಕೈಗೆ ಆ ಲೋಟವನ್ನು ಕೊಟ್ಟದ್ದು ಯಾರೆಂಬುದನ್ನೂ ನೋಡಲಿ ಎಂದಷ್ಟೇ.

1930ರ ಜನವರಿಯಲ್ಲಿ ಗಾಂಧೀಜಿ ವೈಸರಾಯ್ ಮುಂದೆ ಇಟ್ಟ 11 ಬೇಡಿಕೆಗಳಲ್ಲಿ ಮೊದಲನೆಯದೇ ಸಂಪೂರ್ಣ ಪಾನನಿಷೇಧ. ಅದೇ ವರ್ಷ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಉಪ್ಪಿನ ಸತ್ಯಾಗ್ರಹವನ್ನು ನಾವು ಶಾಲಾ ಪುಸ್ತಕದಲ್ಲಿ ಓದಿದ್ದೇವೆ, ಹೆಂಡದಂಗಡಿಯ ಮುಂದೆ ನಡೆದ ಪಿಕೆಟಿಂಗ್ ಅಷ್ಟಾಗಿ ನೆನಪಿಲ್ಲ. ಎರಡೂ ಒಂದೇ ಚಳವಳಿಯ ಕೈಗಳು. ಉಪ್ಪೂ ಹೆಂಡವೂ ಸರಕಾರದ ಬೊಕ್ಕಸ ತುಂಬುತ್ತಿದ್ದವು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಸಿ ಎಸ್. ನಿಜಲಿಂಗಪ್ಪನವರು ಜೈಲಿಗೆ ಹೋದರು. ಈ ಹೆಸರು ಮತ್ತೆ ಬರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ಸರಕಾರ ಮಾತು ಉಳಿಸಿಕೊಂಡಿತು. ಸಂವಿಧಾನದ 47ನೇ ವಿಧಿ ಔಷಧಕ್ಕೆ ಬೇಕಾದುದನ್ನು ಬಿಟ್ಟು ಉಳಿದ ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಮುಂಬೈ ಪಾನನಿಷೇಧ ಕಾಯಿದೆ 1949ರದ್ದು. 1950ರ ಏಪ್ರಿಲ್ 6ರಿಂದ ರಾಜ್ಯವಿಡೀ ಜಾರಿ. ಕಾರವಾರ, ಅಂಕೋಲಾ, ದೇವಬಾಗ ಎಲ್ಲವೂ ಒಂದೇ ದಿನ ‘ಒಣ’ ಪ್ರದೇಶ. ಕುಡಿಯುವುದು, ಇಟ್ಟುಕೊಳ್ಳುವುದು, ಸಾಗಿಸುವುದು ಎಲ್ಲ ಅಪರಾಧ. ಕುಡಿಯದೆ ಆರೋಗ್ಯ ನಿಲ್ಲದು ಎಂದು ವೈದ್ಯರ ಪತ್ರ ತಂದವರಿಗೆ ಹೆಲ್ತ್ ಪರ್ಮಿಟ್ ಸಿಗುತ್ತಿತ್ತು. ವೈದ್ಯರಿಗೆ ಶುಲ್ಕ ಕೊಟ್ಟು ಪತ್ರ ಪಡೆಯಬಲ್ಲವರು ಯಾರು, ದೋಣಿ ಎಳೆಯುವವರೇ?

ಮಾಜಾಳಿಯ ಆಚೆ ಮಾತ್ರ ಪೋರ್ಚುಗಲ್. ಅಲ್ಲಿ ಪಾನನಿಷೇಧ ಎಂಬ ಮಾತೇ ಇಲ್ಲ. ನಾಲ್ಕು ಹೆಜ್ಜೆಯ ಅಂತರದಲ್ಲಿ ಒಂದು ದೇಶದ ಅಪರಾಧ ಇನ್ನೊಂದು ದೇಶದ ವ್ಯಾಪಾರ. 1955ರ ಆಗಸ್ಟ್ 15ರ ಗೋವಾ ಸತ್ಯಾಗ್ರಹದಲ್ಲಿ ಗುಂಡು ಹಾರಿದ ಮೇಲೆ ಗಡಿಯ ಓಡಾಟಕ್ಕೆ ಬಿಗಿ ಬಂತು. ಆದರೆ ಮರಳ ತೀರಕ್ಕೆ ಗೇಟು ಹಾಕಲಾಗದು, ರಾತ್ರಿಯ ಸಮುದ್ರಕ್ಕೆ ಬೇಲಿ ಇಲ್ಲ. ನಿಷೇಧ ಇದ್ದಲ್ಲಿ ಬಾಟಲಿಯ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ಹೊರುವವನಿಗೆ ಕೂಲಿ ಏರುತ್ತದೆ. ಮೀನು ಸಿಗದ ಮಳೆಗಾಲದಲ್ಲಿ ಆ ಕೂಲಿಗೆ ಒಪ್ಪಿಕೊಳ್ಳದೆ ಇರುವುದು ಎಷ್ಟು ಕಷ್ಟ ಎಂಬುದು ಕರಾವಳಿಯಲ್ಲಿ ಬದುಕಿದವರಿಗೆ ಗೊತ್ತು. ಈ ತೀರದಲ್ಲಿ ಮೀನು ಹಿಡಿಯುವವರಲ್ಲಿ ಹರಿಕಂತರು, ಖಾರ್ವಿಗಳು ಮಾತ್ರವಲ್ಲ, ದಾಲ್ದಿ ಮುಸ್ಲಿಮರೂ ಇದ್ದಾರೆ. ಕುಡಿಯದೆಯೂ ಮದ್ಯದ ಹಣ ಮನೆಗೆ ಬರುವ ದಾರಿ ಅದು. ಮದ್ಯವನ್ನು ಹೊರುವವನನ್ನೂ, ಮಾರುವವನನ್ನೂ, ಅದರ ಬೆಲೆ ಉಣ್ಣುವವನನ್ನೂ ಪ್ರವಾದಿ(ಸ)ಯವರು ಕುಡಿಯುವವನ ಜೊತೆಗೇ ಎಣಿಸಿದ್ದರೆಂಬುದನ್ನು ಖುತ್ಬಾಗಳಲ್ಲಿ ಕೇಳಿದ್ದೇವೆ. ನೆಮ್ಮದಿಯಿಂದ ಹೊರಬರುವಾಗ ಮರೆತುಬಿಡುವ ಭಾಗ ಅದೇ.

1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ದೇಶದ ಗಡಿ ಹೋಯಿತು, ತೆರಿಗೆಯ ಗಡಿ ಹೋಗಲಿಲ್ಲ. 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ, ತುರುವನೂರಿನಲ್ಲಿ ಈಚಲು ಮರಕ್ಕೆ ಕೊಡಲಿ ಹಾಕಿದವರೇ. ಅವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಪ್ರಾಮಾಣಿಕ ವ್ಯಕ್ತಿಯೊಬ್ಬರ ಕೈಯಲ್ಲೂ ಬೊಕ್ಕಸದ ಲೆಕ್ಕ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಕರ್ನಾಟಕ ಸರಕಾರ 2025–26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಹಾಕಿಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗೋವಾದಲ್ಲಿ ತೆರಿಗೆ ಕಡಿಮೆ, ಆದ್ದರಿಂದ ಮಾಜಾಳಿಯ ತನಿಖಾ ಠಾಣೆಯಲ್ಲಿ ಇಂದಿಗೂ ವಾಹನಗಳನ್ನು ತಡೆದು ಗೋವಾ ಮದ್ಯ ಹಿಡಿಯುತ್ತಾರೆ. ಒಂದು ವ್ಯತ್ಯಾಸವುಂಟು: ಅಂದು ಹಿಡಿಯುತ್ತಿದ್ದದ್ದು ಕುಡಿಯಬಾರದೆಂದು, ಇಂದು ಹಿಡಿಯುವುದು ನಮ್ಮ ರಾಜ್ಯಕ್ಕೆ ತೆರಿಗೆ ಕೊಡದ ಮದ್ಯ ಎಂದು.

ನಡುವೆ ಕಳ್ಳಭಟ್ಟಿಯ ಸಾವುಗಳು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸತ್ತವರು 300ಕ್ಕೂ ಹೆಚ್ಚು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯ ಸುತ್ತ 150ಕ್ಕೂ ಹೆಚ್ಚು. ಮೆಥನಾಲ್ ಬೆರೆತ ಸಾರಾಯಿ ದೇಹದೊಳಗೆ ಫಾರ್ಮಿಕ್ ಆಮ್ಲವಾಗುತ್ತದೆ. ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಉಸಿರು. ಎರಡನೆಯ ದುರಂತ ನಡೆದದ್ದು 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ.

ಸಾರಾಯಿ ನಿಷೇಧದ ಹಿಂದೆ ರಾಜ್ಯದ ಎಷ್ಟೋ ಹಳ್ಳಿಗಳ ಹೆಂಗಸರ ಹೋರಾಟವಿತ್ತು. ನಮ್ಮ ಜಿಲ್ಲೆಯಲ್ಲಿ ಆ ಹೋರಾಟಕ್ಕೊಂದು ಮುಖವಿತ್ತು: ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ. ಹಾಲಕ್ಕಿ ಒಕ್ಕಲಿಗರ ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ, ಶಾಲೆಗೆ ಹೋಗದ ಆ ತಾಯಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪತ್ರಿಕೆಗಳು ಅವರನ್ನು ಹಾಡಿನ ಕೋಗಿಲೆ ಎಂದವು. ಸಾಕಿ ಬೆಳೆಸಿದ ಮಗನನ್ನು ಅವರು ಕುಡಿತಕ್ಕೆ ಕಳೆದುಕೊಂಡಿದ್ದರು. ಆ ದುಃಖವನ್ನು ಮನೆಯೊಳಗೆ ಮುಚ್ಚಿಡದೆ, ತಮ್ಮ ಊರಿನ ಹೆಂಗಸರನ್ನು ಸೇರಿಸಿಕೊಂಡು ಸಾರಾಯಿಯ ವಿರುದ್ಧ ನಿಂತರು. ನನ್ನ ಮಗ ಕುಡಿದು ಸತ್ತ ಎಂದು ಊರ ಮುಂದೆ ಹೇಳಲು ಎಷ್ಟು ಎದೆಗಾರಿಕೆ ಬೇಕು! ಆ ಮಾತನ್ನು ಹೇಳಬಲ್ಲ ಒಂದು ಮನೆ ನಮ್ಮ ಜಮಾಅತಿನಲ್ಲಿ ಇದೆಯೇ? ನಾವು ‘ಹಾರ್ಟ್ ಅಟ್ಯಾಕ್’ ಎನ್ನುತ್ತೇವೆ, ‘ಜಾಂಡೀಸ್ ಆಗಿತ್ತು’ ಎನ್ನುತ್ತೇವೆ.

ಇಲ್ಲಿಯವರೆಗಿನ ಕಥೆಯಲ್ಲಿ ಕುಡಿಯುವವನನ್ನು ಯಾರು ಹೇಗೆ ಕಂಡರು ಎಂಬುದನ್ನು ಗಮನಿಸಿ. ಅಬಕಾರಿಯ ಪುಸ್ತಕದಲ್ಲಿ ಅವನು ಆದಾಯ. 1950ರ ಕಾನೂನಿನಲ್ಲಿ ಅಪರಾಧಿ. ನಮ್ಮ ಮನೆಗಳಲ್ಲಿ ಅವಮಾನ. ಅವನು ರೋಗಿಯೂ ಹೌದು ಎಂಬ ಮಾತು ತೀರ ತಡವಾಗಿ ಬಂತು. 2019ರಲ್ಲಿ ದೆಹಲಿಯ ಏಮ್ಸ್ ವೈದ್ಯರ ತಂಡ ಕೇಂದ್ರ ಸರಕಾರಕ್ಕಾಗಿ ಮಾಡಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ; ಅವರಲ್ಲಿ ಚಿಕಿತ್ಸೆಯೋ ಸಹಾಯವೋ ಬೇಕಾದವರು 5.7 ಕೋಟಿ. ಸುರಕ್ಷಿತ ಎನ್ನಬಹುದಾದ ಪ್ರಮಾಣ ಮದ್ಯಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಯಕೃತ್ತು ಮೊದಲು ಕೊಬ್ಬಾಗುತ್ತದೆ, ಆಮೇಲೆ ಊದಿಕೊಳ್ಳುತ್ತದೆ, ಕೊನೆಗೆ ಗಟ್ಟಿಯಾಗಿ ಸುಕ್ಕುಗಟ್ಟುತ್ತದೆ. ಬಾಯಿ, ಗಂಟಲು, ಅನ್ನನಾಳ, ಸ್ತನ, ಕರುಳಿನ ಕ್ಯಾನ್ಸರಿಗೂ ಅದು ಕಾರಣ. ಬೆಳಗಿನ ಜಾವ ದೋಣಿ ಇಳಿಸುವಾಗ ಒಂದು ಗುಟುಕು ಮೈ ಬೆಚ್ಚಗಿಡುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿದೆ. ಆಗುವುದು ತದ್ವಿರುದ್ಧ: ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಹೊರಗೆ ಹೋಗುತ್ತದೆ, ಮೈ ಒಳಗಿನಿಂದ ತಣ್ಣಗಾಗುತ್ತದೆ, ಹಲಗೆಯ ಮೇಲೆ ಕಾಲು ಜಾರಿದರೆ ತಿರುಗಿ ಹಿಡಿದುಕೊಳ್ಳುವ ಚುರುಕೂ ಇರುವುದಿಲ್ಲ.

ಇನ್ನೊಂದು ಅಪಾಯವಿದೆ, ಅದು ನಮ್ಮ ಮನೆಗಳಿಗೇ ಹೆಚ್ಚು ಸಂಬಂಧಿಸಿದ್ದು. ವರ್ಷಗಟ್ಟಲೆ ದಿನವೂ ಕುಡಿದವನು ರಮಝಾನಿನ ಚಂದ್ರ ಕಂಡ ರಾತ್ರಿ ತೌಬಾ ಮಾಡಿ ಒಮ್ಮೆಲೇ ನಿಲ್ಲಿಸುತ್ತಾನೆ. ಮನೆಯವರು ಅಲ್ಲಾಹನಿಗೆ ಶುಕ್ರ್ ಹೇಳುತ್ತಾರೆ. ಮರುದಿನ ಕೈ ನಡುಗುತ್ತದೆ, ಬೆವರುತ್ತಾನೆ, ವಾಂತಿ, ನಿದ್ದೆ ಇಲ್ಲ. ಉಪವಾಸದ ಸುಸ್ತು ಎಂದುಕೊಳ್ಳುತ್ತಾರೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ ಜನ ಕಾಣುತ್ತಾರೆ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಜ್ವರ, ಎದೆಬಡಿತ, ಒದ್ದಾಟ. ಜಿನ್ ಹಿಡಿದಿದೆ ಎಂದು ಊದಿಸಲು ಕರೆದೊಯ್ಯುವುದು ಈ ಹೊತ್ತಿನಲ್ಲೇ. ಇದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣ ಹೋಗಬಹುದು. ನಡುಕ, ಫಿಟ್ಸ್ ತಡೆಯುವ ಮಾತ್ರೆಗಳನ್ನೂ ಬಿ1 ವಿಟಮಿನ್ನನ್ನೂ ಕೊಟ್ಟು ಕೆಲವು ದಿನ ಕಣ್ಣಿಟ್ಟು ನೋಡಿಕೊಂಡರೆ ದಾಟಿಸಬಹುದಾದ ಸ್ಥಿತಿ ಅದು. ನಿಲ್ಲಿಸುವುದು ಫರ್ಝ್, ಸಂಶಯವಿಲ್ಲ. ಹೀಗೆ ವರ್ಷಗಟ್ಟಲೆ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಬ್ಬನೇ ನಿಲ್ಲಿಸಲಿ ಎನ್ನುವುದು ಫರ್ಝ್ ಅಲ್ಲ.

ಮದೀನಾದಲ್ಲಿ ಮದ್ಯ ನಿಂತ ರೀತಿ ನಮಗೆಲ್ಲ ಗೊತ್ತು. ಮೊದಲು ಅದರಲ್ಲಿ ಲಾಭಕ್ಕಿಂತ ಪಾಪ ದೊಡ್ಡದೆಂಬ ಮಾತು, ಆಮೇಲೆ ನಶೆಯಲ್ಲಿ ನಮಾಝಿಗೆ ಸಮೀಪಿಸಬೇಡಿ ಎಂಬ ತಡೆ, ಕೊನೆಗೆ ಅಲ್‌ಮಾಇದ ಅಧ್ಯಾಯದ ಪೂರ್ಣ ನಿಷೇಧ. ಘೋಷಣೆ ಕೇಳಿದಾಗ ಹ. ಅಬೂ ತಲ್ಹಾ(ರ)ರ ಮನೆಯಲ್ಲಿ ಖರ್ಜೂರದ ಮದ್ಯ ಹಂಚುತ್ತಿದ್ದ ಹ. ಅನಸ್(ರ)ರಿಗೆ ಅದನ್ನು ಚೆಲ್ಲಿಬಿಡಲು ಹೇಳಲಾಯಿತು, ಮದೀನಾದ ಓಣಿಗಳಲ್ಲಿ ಅದು ಹರಿಯಿತು. ಈ ಘಟನೆಯನ್ನು ಖತೀಬರು ಪ್ರತಿಸಲ ಹೇಳುತ್ತಾರೆ. ಅದರ ನಂತರದ ಇನ್ನೊಂದು ಘಟನೆ ಕಡಿಮೆ ಕೇಳಿಬರುತ್ತದೆ. ಅಬ್ದುಲ್ಲಾ ಎಂಬವರೊಬ್ಬರಿದ್ದರು, ‘ಹಿಮಾರ್’ ಎಂಬ ಅಡ್ಡಹೆಸರು. ತಮಾಷೆಯ ಮಾತಿನಿಂದ ಪ್ರವಾದಿ(ಸ)ಯವರನ್ನು ನಗಿಸುತ್ತಿದ್ದವರು. ನಿಷೇಧದ ನಂತರವೂ ಕುಡಿದು ಮತ್ತೆಮತ್ತೆ ಸಿಕ್ಕಿಬಿದ್ದರು, ಶಿಕ್ಷೆಯೂ ಆಯಿತು. ಒಮ್ಮೆ ಅಲ್ಲಿದ್ದವರೊಬ್ಬರು, ಎಷ್ಟು ಸಲ ಇವನನ್ನು ತರುವುದು ಎಂದು ಶಪಿಸಿದರು. ಪ್ರವಾದಿ(ಸ)ಯವರು ಶಪಿಸುವುದನ್ನು ತಡೆದರು. ಅವನು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನು ಎಂದರು. ಇದು ಸಹೀಹ್ ಬುಖಾರಿಯಲ್ಲಿದೆ. ಶಿಕ್ಷೆ ಇತ್ತು, ಆದರೆ ಆತ ಜಮಾಅತಿನ ಒಳಗೇ ಇದ್ದರು.

ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಪಕ್ಕದ ಹೊಸ ಸೇತುವೆಯ ಮೇಲೆ ಸಂಚಾರ ನಡೆದಿದೆ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಯವರೆಗೆ ಹೋಗಲು ನಾಚಿಕೆಯಾದರೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ದೇವಬಾಗದಿಂದ ಆಸ್ಪತ್ರೆಗೆ ಈಗ ದೋಣಿ ಕಾಯಬೇಕಾಗಿಲ್ಲ.